ಯಾರ ಕೈಗೆ?

ನರಿಕೊಂಬಿನಲ್ಲಿ ಕತ್ತಿ ಮಾಡುವವರೊಬ್ಬರಿದ್ದರು; ಅವರ ಕುಲುಮೆ ಮನೆಯ ಹಿಂದಿನ ಮಾಡಿನಡಿಯಲ್ಲೇ ಇತ್ತು. ಯಾರು ಕತ್ತಿ ಕೇಳಿದರೂ ಅವರದ್ದು ಒಂದೇ ಪ್ರಶ್ನೆ: "ಯಾರ ಕೈಗೆ?"

"ಮನೆಗೆ, ತರಕಾರಿ ಕೊಯ್ಯಲಿಕ್ಕೆ," ಎಂದೆ ನಾನು.

"ಮನೆಗೆ ಕೈ ಉಂಟಾ ಮಾಷ್ಟ್ರೇ? ಕೊಯ್ಯುವವರನ್ನು ಕರ್ಕೊಂಡು ಬನ್ನಿ."

ಎಪ್ಪತ್ತರ ದಶಕದ ಕೊನೆ. ನಮಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಆದಿತ್ಯವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವರು ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನ ತುಂಡನ್ನು ಕಾಸಿ, ಬಡಿದು, ಮಧ್ಯಾಹ್ನದ ಹೊತ್ತಿಗೆ ಹಿಡಿ ಹಾಕಿದರು. ಮಸೆಯುವ ಮೊದಲು ಕತ್ತಿಯನ್ನು ಅವಳ ಮುಂದೆ ನೆಲದಲ್ಲಿಟ್ಟು, "ಹಿಡಿದು ನೋಡಿ," ಎಂದರು.

ಅವಳು ಎಡಗೈಯಲ್ಲಿ ಎತ್ತಿಕೊಂಡಳು. ನನ್ನನ್ನು ನೋಡಿ ತಟ್ಟನೆ ಬಲಗೈಗೆ ಬದಲಿಸಿದಳು. ಅವಳ ಎಡಗೈ ಬೆರಳುಗಳ ಮೇಲೆ ಸದಾ ಇರುತ್ತಿದ್ದ ಗಾಯಗಳನ್ನು ನಾನು ಅಲ್ಲಿಯವರೆಗೆ ಕೊಯ್ಯುವ ಅವಸರದಿಂದ ಆದವೆಂದುಕೊಂಡಿದ್ದೆ.

ಅವರು ಕತ್ತಿಯನ್ನು ವಾಪಸ್ ತೆಗೆದುಕೊಂಡರು. ಎಡಗೈಗೆ ಒಗ್ಗುವಂತೆ ಅಲಗಿನ ಒಂದೇ ಮಗ್ಗುಲನ್ನು ಸಂಜೆಯವರೆಗೆ ಮಸೆದರು. ಕತ್ತಿಯನ್ನು ನನಗೆ ಕೊಡದೆ ಅವಳ ಎಡಗೈಗೇ ಕೊಟ್ಟರು.

"ಎಡಗೈಯಲ್ಲಿ ಕೊಯ್ದರೆ ಅತ್ತೆ ಬೈತಾರೆ," ಎಂದಳು ಮೆಲ್ಲಗೆ.

"ಕತ್ತಿಯೇ ಹಾಗೆ ಉಂಟು ಅಂತ ಹೇಳಿ."

ಅಮ್ಮ ಒಂದು ದಿನ ಆ ಕತ್ತಿಯನ್ನು ಬಲಗೈಯಲ್ಲಿ ಹಿಡಿದು ಸೌತೆಕಾಯಿ ಕೊಯ್ದು ನೋಡಿ, ಕತ್ತಿಯೇ ಹಾಗೆ ಹೌದೆಂದು ಸುಮ್ಮನಾದರು. ನನ್ನ ಕೈಗೆ ಅದು ಇವತ್ತಿಗೂ ಓರೆಯಾಗಿಯೇ ಕೊಯ್ಯುತ್ತದೆ.