ಹರಿಹರದಲ್ಲಿ ತೆಗೆದುಕೊಂಡ ವೀಳ್ಯ

ದೆವ್ವ ಕಂಡೆ ಎಂದವರನ್ನು ಎದುರಿಗೇ ಆಡಿಕೊಂಡು ನಗುತ್ತಿದ್ದವನು ನಾನು. ಈಗಲೂ ಇದನ್ನು ದೆವ್ವದ ಕಥೆ ಎನ್ನಲು ನಾಲಗೆ ಏಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಐವತ್ತರ ದಶಕದ ಕೊನೆ. ಕಚೇರಿ ಕೆಲಸದ ಮೇಲೆ ತುಮಕೂರಿನಿಂದ ದಾವಣಗೆರೆಗೆ ಬಂದು ಖಾನಾವಳಿಯೊಂದರ ಮೇಲಿನ ಕೋಣೆಯಲ್ಲಿ ಇಳಿದಿದ್ದೆ. ಮಿಲ್ಲುಗಳ ಸೈರನ್ನು, ಹತ್ತಿ ಗಾಡಿಗಳ ಸಾಲು, ಬೀದಿಯ ಗಲಾಟೆಗೆ ವಾರದಲ್ಲೇ ತಲೆ ಚಿಟ್ಟು ಹಿಡಿದಿತ್ತು. ಭಾನುವಾರ ಬೆಳಿಗ್ಗೆ, ಹಾಸ್ಟೆಲಿನಲ್ಲಿ ಜೊತೆಗೆ ಓದಿದ, ಅದೇ ಊರಿನ ಗೆಳೆಯ ಶಿವಣ್ಣ ಬಂದು, "ಏಳಲೇ, ಹರಿಹರಕ್ಕೆ ಹೋಗಿ ಸಂಜಿಗೆ ಬಂದ್ಬಿಡಾಣ. ಹೊಳಿ ಗಾಳಿ ಆದ್ರೂ ಸಿಕ್ತೈತೆ" ಎಂದ.

ನನಗೆ ಗಾಳಿಗಿಂತ ದೊಡ್ಡ ಆಸೆಯಿತ್ತು. ತಂಗಿ ಗೌರಿಗೆ ಎಡಗಾಲು ಕೊಂಚ ಎಳೆಯುತ್ತಿತ್ತು. ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರೆ ಮತ್ತೆ ಸುದ್ದಿಯೇ ಇರುತ್ತಿರಲಿಲ್ಲ. ಶಿವಣ್ಣ ಅವಳನ್ನು ಬಲ್ಲವನು. ಅವಳನ್ನು ಮಾಡಿಕೊಳ್ಳುತ್ತೀಯಾ ಎಂದು ಕೇಳಿಯೇಬಿಡೋಣ ಎಂದುಕೊಂಡು ರೈಲು ಹತ್ತಿದೆ.

ಹರಿಹರೇಶ್ವರನ ದರ್ಶನ ಮಾಡಿ ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಶಿವಣ್ಣ ಅಂದು ಏನನ್ನೂ ತಿನ್ನಲಿಲ್ಲ. ನಾನು ಗೌರಿಯ ಮಾತೆತ್ತಿದೆ. ಅವನು ಎದ್ದು ಹೋಗಿ ಗುಡಿಯ ಮುಂದಿನ ಅಂಗಡಿಯಿಂದ ಎಲೆ ಅಡಿಕೆ ತಂದು ನನ್ನ ಅಂಗೈಯಲ್ಲಿಟ್ಟ. "ಗೌರೀನ ನಾನು ಮಾಡ್ಕೊಂತೀನಿ. ಮನಿಗೆ ತಿಳಿಸಿಬಿಡು."

ನಮ್ಮಲ್ಲಿ ವೀಳ್ಯ ಕೈಗೆ ಬಂತೆಂದರೆ ಮಾತು ಮುಗಿಯಿತು. ಆದರೆ ಅದನ್ನು ಹಿರಿಯರ ಎದುರು ತೆಗೆದುಕೊಳ್ಳಬೇಕು. ಆ ಸಂತೋಷದಲ್ಲಿ ಹಿರಿಯರು ಯಾರಿಗೆ ನೆನಪಾಗುತ್ತಾರೆ? ಅಲ್ಲೇ ಕಾರ್ಡು ಬರೆದು ಮನೆಗೆ ಹಾಕಿದೆ. ಅತ್ತೆಯ ಮನೆಗೆ ಹೋಗಿ ಬರುತ್ತೇನೆಂದು ಶಿವಣ್ಣ ಹರಿಹರದಲ್ಲೇ ಉಳಿದ.

ದಾವಣಗೆರೆಯಲ್ಲಿ ಇಳಿದವನೇ ಅವನ ತಾಯಿಗೆ ನಮಸ್ಕರಿಸಲು ಮನೆಗೆ ಹೋದೆ. ಶಿವಣ್ಣ ಕಂಬಳಿ ಹೊದ್ದು ನಡುಗುತ್ತ ಮಲಗಿದ್ದ! ಹರಿಹರದಿಂದ ನನಗಿಂತ ಮೊದಲು ಹೇಗೆ ಬಂದೆ ಎಂದು ಕೇಳಿದೆ.

"ಎಲ್ಲಿಯ ಹರಿಹರಾನಪ್ಪಾ? ನಿನ್ನೆ ರಾತ್ರಿಯಿಂದ ಜ್ವರ. ಹಾಸಿಗೆ ಬಿಟ್ಟು ಎದ್ದಿಲ್ಲ" ಎಂದರು ಅವನ ತಾಯಿ.

ತಮಾಷೆ ಎಂದು ನಕ್ಕೆ. ಜೇಬಿನ ವೀಳ್ಯ ತೆಗೆದು ತೋರಿಸಿದೆ. ಶಿವಣ್ಣ ಅದನ್ನೇ ನೋಡುತ್ತ, "ನಾನ್ಯಾವಾಗ ಬಂದಿದ್ನಲೇ?" ಎಂದ. ಗೌರಿಯ ಮಾತು ಕೇಳಿದ ಕೂಡಲೇ ಗೋಡೆಯ ಕಡೆ ಹೊರಳಿದ. ತಾಯಿಯೇ ಹೇಳಿದರು: "ಅವಂಗೆ ನಮ್ಮಣ್ಣನ ಮಗಳು ಗೊತ್ತಾಗ್ಯಾಳಪ್ಪಾ, ಮದುವಿ ಮಾತು ಮುಗದೈತೆ."

ನನಗೆ ಮೈ ಉರಿದುಹೋಯಿತು. ತಾಯಿ ಮಗ ಸೇರಿ ನಾಟಕ ಆಡುತ್ತಿದ್ದಾರೆ, ಕೊಟ್ಟ ಮಾತು ನುಂಗಲು ಜ್ವರದ ನೆಪ! ಮಧ್ಯಾಹ್ನ ತಾನೇ ಬಂದು ಸೂಜಿ ಹಾಕಿ ಹೋದೆನೆಂದು ಪಕ್ಕದ ಮನೆಯ ಕಾಂಪೌಂಡರ್ ಹೇಳಿದಾಗ, ಇವನೂ ಅವರ ಪೈಕಿಯೇ ಎಂದುಕೊಂಡೆ. ಶಿವಣ್ಣನ ತಾಯಿ ತಂದಿಟ್ಟ ನೀರನ್ನೂ ಮುಟ್ಟದೆ ಎದ್ದುಬಂದೆ.

ಊರಿಗೆ ನನಗಿಂತ ಮೊದಲೇ ಕಾರ್ಡು ತಲುಪಿತ್ತು. ಅಮ್ಮ ಕೇರಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದಳು. ಸಾಯುವವರೆಗೂ ಅವಳು ಶಿವಣ್ಣನಿಗೆ ಶಾಪ ಹಾಕಿದಳು, ನಾನೂ ಕಡಿಮೆ ಬೈದಿಲ್ಲ. ಗೆಳೆಯನಾಗಿ ಕತ್ತು ಕೊಯ್ದನಲ್ಲ ಎಂಬ ಸಂಕಟ ಇವತ್ತಿಗೂ ಆರಿಲ್ಲ. ಆದರೆ ಮೋಸ ಮಾಡುವವನು, ನಾನು ವೀಳ್ಯ ಕೇಳದಿದ್ದರೂ ತಾನಾಗಿ ಏಕೆ ತಂದುಕೊಟ್ಟ? ಅವನು ಹೇಳಿದ್ದು ನಿಜವಾದರೆ, ಇಡೀ ದಿನ ನಾನು ಯಾರ ಪಕ್ಕದಲ್ಲಿ ಕೂತಿದ್ದೆ? ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ.

ಬೈಯದವಳು ಗೌರಿ ಒಬ್ಬಳೇ. ಎಲ್ಲ ಕೇಳಿಸಿಕೊಂಡ ಮೇಲೆ, "ಅಣ್ಣಾ, ಹೊಳೆ ಹತ್ರ ನೀನು ಕೇಳಿದ ತಕ್ಷಣ ಒಪ್ಪಿದ್ರಾ?" ಎಂದಳು.

"ಹೂಂ" ಎಂದೆ.

"ಯಾರಾದ್ರೂ ಆಗಲಿ, ಒಬ್ರಾದ್ರೂ ಒಪ್ಪಿದ್ರಲ್ಲ" ಎಂದು ಒಳಗೆ ಹೋದಳು.