ಒಳಗೆ ಬಿಟ್ಟ ಬಟ್ಟೆ

ಹೋದ ವಾರ ತಳಕು ಊರಿನ ಹೆಂಗಸೊಬ್ಬಳು ಹಳೆಯ ರೇಷ್ಮೆ ರವಿಕೆಯೊಂದನ್ನು ಸಡಿಲ ಮಾಡಿಸಲು ಕೊಟ್ಟುಹೋದಳು. ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿಟ್ಟಿತ್ತು. ಹೊರಗೆಲ್ಲ ಬಣ್ಣ ಮಾಸಿದ್ದರೂ ಆ ಮಡಿಕೆಯಲ್ಲಿ ಮಾತ್ರ ಮೊಳಕಾಲ್ಮೂರು ಸೀರೆಯ ಕೆಂಪು ಹೊಸದರಂತೆಯೇ ಇತ್ತು. ಹೊಲಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಎದುರಂಗಡಿ ಅಕ್ಕ... ಸತ್ತು ಎರಡು ವರ್ಷವಾದರೂ ನನ್ನ ಹೊಟ್ಟೆ ಉರಿಸುವುದನ್ನು ಅವಳು ಬಿಟ್ಟಿಲ್ಲ.

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಮೊದಲು ಮಿಷನ್ ಹಾಕಿದವಳು ನಾನು. ನನ್ನ ಹೊಲಿಗೆಯಲ್ಲಿ ಒಂದು ಸುಕ್ಕು ತೋರಿಸಿ ನೋಡೋಣ! ಕೊಕ್ಕೆಗಳು ಇರುವೆ ಸಾಲಿನಂತೆ ಕೂತಿರುತ್ತಿದ್ದವು. ಅವಳು ಮೊಳಕಾಲ್ಮೂರು ಕಡೆಯಿಂದ ಬಂದು ಎದುರುಮನೆಯ ಪಡಸಾಲೆಯಲ್ಲಿ ಹಳೇ ಮಿಷನ್ ಇಟ್ಟಾಗ ನಾನು ನಕ್ಕಿದ್ದೆ. ಅವಳ ಹೊಲಿಗೆ ಸೊಟ್ಟ, ಮಾತು ಅರ್ಧ ತೆಲುಗು. "ರಾ ಅಮ್ಮಾ, ಕೂತ್ಕ" ಎಂದು ಬಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಟೇಪು ಹಿಡಿಯುವ ಮೊದಲು ಯಾವ ಕೆಲಸಕ್ಕೆ ಹೋಗುತ್ತೀ, ಮಗು ಇನ್ನೂ ಹಾಲು ಕುಡಿಯುತ್ತದಾ, ಎಲ್ಲಿ ಬಿಗಿಯುತ್ತದೆ ಎಂದು ಊರ ಪುರಾಣವೆಲ್ಲ ಕೇಳುವಳು. ನನಗೆ ಅಷ್ಟು ಪುರುಸೊತ್ತು ಎಲ್ಲಿತ್ತು? ಅಳತೆ ರವಿಕೆ ಕೊಡಿ, ಗುರುವಾರ ಬನ್ನಿ, ಮುಗಿಯಿತು.

ಅವಳು ಶೇಂಗಾ ಕೀಳಲು ಹೋಗುವವರಿಗೆ ಮೊಬೈಲು, ಎಲೆಅಡಿಕೆ ಇಟ್ಟುಕೊಳ್ಳಲು ಲಂಗದಲ್ಲೇ ಒಳಜೇಬು ಹೊಲಿದುಕೊಟ್ಟಳು. ಮದುವೆ ರವಿಕೆಗಳಲ್ಲಿ, ಮುಂದೆ ಮೈ ಬಂದರೆ ಇರಲಿ ಎಂದು ಒಳಗೆ ಬಟ್ಟೆ ಬಿಟ್ಟಳು. ನಾನು ಅಂಥ ಹೆಚ್ಚಿನ ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆಯುತ್ತಿದ್ದೆ; ನನಗೆ ಒಳಗೂ ನೀಟಾಗಿರಬೇಕು. ನೋಡನೋಡುತ್ತ ನನ್ನ ಗಿರಾಕಿಗಳು ಸೆರಗಿನಲ್ಲಿ ಮುಖ ಮರೆಸಿಕೊಂಡು ಬೀದಿ ದಾಟತೊಡಗಿದರು. ಕೊಂಡ್ಲಹಳ್ಳಿಯಿಂದಲೂ ಬಸ್ಸು ಹತ್ತಿ ಅವಳಲ್ಲಿಗೇ ಬಂದರು. ಪಡಸಾಲೆ ಹೋಗಿ ಷಟರ್ ಅಂಗಡಿಯಾಯಿತು, ಹೊಸ ಮಿಷನ್‌ಗಳು ಬಂದವು. ಅವಳ ಮೆಟ್ಟಿಲ ಮೇಲಿನ ಚಪ್ಪಲಿಗಳನ್ನೇ ನೋಡುತ್ತ ನಾನು ಕಾಜಾ ಮಾಡುತ್ತಿದ್ದೆ. ಎಷ್ಟೋ ಸಲ ಸೂಜಿ ಬೆರಳಿಗೇ ಚುಚ್ಚಿತು.

ಅದನ್ನಾದರೂ ನುಂಗಿಕೊಂಡೇನು. ಒಂದು ದಿನ ಬಟ್ಟೆ ಒಣಹಾಕುವಾಗ ಅವ್ವನ ಹೊಸ ರವಿಕೆ ಕೈಗೆ ಸಿಕ್ಕಿತು. ನನ್ನ ಹೊಲಿಗೆಯಲ್ಲ. ತೋಳು ದೊಗಳೆ, ಕೊಕ್ಕೆಯ ಜಾಗದಲ್ಲಿ ದಪ್ಪ ಪ್ರೆಸ್ ಬಟನ್. ಮೈಯೆಲ್ಲ ಉರಿದುಹೋಯಿತು. ಅದನ್ನು ಹಿಡಿದುಕೊಂಡೇ ಬೀದಿ ದಾಟಿದೆ.

ಅವಳು ಮಿಷನ್ ನಿಲ್ಲಿಸಿದಳು.

"ನಿಮ್ಮವ್ವ ನಿನ್ನ ಹೊಲಿಗೇನ ಯಾವತ್ತೂ ಆಡ್ಕಂಡಿಲ್ಲ ಕಣಮ್ಮ. ಬೆರಳು ಮಡಚಕ್ಕೆ ಬರಲ್ಲ, ಕೊಕ್ಕೆ ಹಾಕ್ಕಣಕ್ಕೆ ಆಗಲ್ಲ ಅಂದ್ರು. ಬಟನ್ ಹಾಕ್ಕೊಟ್ಟೆ, ಅಷ್ಟೇ."

ಗಿರಾಕಿಗಳು ಹೋದಾಗ ವ್ಯಾಪಾರ ಹೋಗಿತ್ತು. ಅವತ್ತು ಹೋದದ್ದು ಬೇರೆ. ದಿನಾ ನನ್ನ ಪಕ್ಕದಲ್ಲೇ ಕೂತು ಉಣ್ಣುವ ಅವ್ವ, ನನಗೆ ಹೇಳದ ನೋವನ್ನು ಅವಳ ಬೆಂಚಿನ ಮೇಲೆ ಕೂತು ಹೇಳಿಕೊಂಡಿದ್ದಳು. ಜಗಳಾಡಲು ಹೋದವಳು ರವಿಕೆ ಮಡಚಿಕೊಂಡು ವಾಪಸು ಬಂದೆ. ಆಮೇಲೆ ಅವಳ ಜೊತೆ ಮಾತಾಡಲೇ ಇಲ್ಲ...

ಈಗ ಅವಳ ಷಟರ್ ಇಳಿದಿದೆ. ಗಿರಾಕಿಗಳೆಲ್ಲ ನನಗೇ. ಜೇಬು ಇಡುತ್ತೇನೆ, ಒಳಗೆ ಬಟ್ಟೆ ಬಿಡುತ್ತೇನೆ, ಬೆಂಚೂ ಹಾಕಿಸಿದ್ದೇನೆ. ಬಂದವರು "ಅಕ್ಕ ಹೊಲೀತಿದ್ದಂಗೇ ಹೊಲೀರಿ" ಎಂದು ನಿಂತಲ್ಲೇ ಕೊಟ್ಟು ಹೋಗುತ್ತಾರೆ. ಕೂರುವವರು ಯಾರೂ ಇಲ್ಲ. ಮುಖ ತಿರುಗಿಸಿಕೊಳ್ಳೋಣವೆಂದರೂ ಎದುರಿಗೆ ಅವಳಿಲ್ಲ, ಬೀದಿ ಬಣಬಣ ಎನ್ನುತ್ತದೆ.

ನಿನ್ನೆ ಅವ್ವನಿಗೆ ಹೊಸ ರವಿಕೆ ತೊಡಿಸಿದೆ. ಪ್ರೆಸ್ ಬಟನ್ನೇ ಹಾಕಿದ್ದೆ, ತೋಳನ್ನೂ ಅವಳಂತೆಯೇ ದೊಗಳೆ ಬಿಟ್ಟಿದ್ದೆ.

"ಎಲ್ಲಾದ್ರೂ ಬಿಗಿ ಐತೇನವ್ವ?"

"ಎಲ್ಲೂ ಇಲ್ಲ ಬಿಡು, ಚೆನ್ನಾಗೈತೆ" ಎಂದಳು ಅವ್ವ.

ಹಾಗೆಂದವಳು ಸೆರಗು ಸರಿಮಾಡಿಕೊಳ್ಳಲು ಬಲಗೈ ಎತ್ತಲು ಹೋಗಿ, ಆಗದೆ ಎಡಗೈಯಲ್ಲಿ ಎಳೆದುಕೊಂಡಳು. ಎದುರಂಗಡಿ ಅಕ್ಕ ಕೇಳಿದ್ದರೆ ಅವ್ವ ಹೇಳುತ್ತಿದ್ದಳು.