ಏಕಾದಶಿಯ ಹಣೆ

ಮದರಾಸಿನ ಪೆರಂಬೂರಿನ ಉಪೇಂದ್ರರಾಯರು ಗಾಜಿನ ನೆಗೆಟಿವ್ ಮೇಲೆ ಸೂಜಿಯಂತೆ ಹೆರೆದ ಪೆನ್ಸಿಲ್ಲಾಡಿಸಿ, ಮದುವೆಗೆ ನಿಂತ ಎಷ್ಟೋ ಹೆಣ್ಣುಮಕ್ಕಳ ಮುಖದ ಸಿಡುಬಿನ ಕಲೆ ಅಳಿಸಿದವರು. ಅವರ ಮಗ ಗುಂಡಣ್ಣ ಕಪ್ಪು-ಬಿಳುಪಿನ ಫೋಟೋಗೆ ಬಣ್ಣ ಹಚ್ಚಿ, ಸತ್ತವರ ಕೆನ್ನೆಗೂ ರಕ್ತ ತುಂಬಿದ ಗಟ್ಟಿಗ. ಆ ಗುಂಡಣ್ಣನ ಮಗನೇ ಬದರಿನಾಥ. ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಕಾಲು ಚಾಚಿದರೆ ಸ್ಕ್ಯಾನರ್, ಕೈ ಚಾಚಿದರೆ ಗೋಡೆ. ಯಾರೂ ಕಲಿಸದೆ ಕಂಪ್ಯೂಟರ್ ಕಲಿತು, ಅಲ್ಲೇ ಇಪ್ಪತ್ತೈದು ವರ್ಷ ಬೆನ್ನು ಬಗ್ಗಿಸಿದ.

ಹಳೆಯ ಫೋಟೋ ಸ್ಕ್ಯಾನ್ ಮಾಡಿ ಹಿಗ್ಗಿಸಿದರೆ ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು ಏಳುತ್ತದೆ. ಕಸುಬಿನವರು ಅದನ್ನು ನಾಯ್ಸ್ ಎನ್ನುತ್ತಾರೆ. ಹೆಚ್ಚು ತೆಗೆದರೆ ಮುಖ ಮೇಣದ ಗೊಂಬೆ, ಕಡಿಮೆ ತೆಗೆದರೆ ಮರಳು ಮೆತ್ತಿದ ಮೋರೆ. ನಡುವಿನ ಹದ ಬದರಿನಾಥನ ಕಣ್ಣಿನಲ್ಲಿತ್ತು. ಆ ಕಣ್ಣಿಗೇ ಈಗ ಪೊರೆ ಬಂದಿತ್ತು. ಹೇಳಿದರೆ ಕುರ್ಚಿಯಿಂದ ಎಬ್ಬಿಸಿಬಿಡುತ್ತಾರೆಂದು ಮನೆಯಲ್ಲಿ ಉಸಿರೆತ್ತಿರಲಿಲ್ಲ.

ಗೋದಾಬಾಯಿ ತಂದದ್ದು ತೀರಿಹೋದ ಗಂಡನ ಪಾಸ್‌ಪೋರ್ಟ್ ಅಳತೆಯ ಫೋಟೋ. ಇದ್ದದ್ದೇ ಅದೊಂದು. ಮೊದಲ ವರ್ಷದ ತಿಥಿಗೆ ಮೂರಡಿ ಎತ್ತರದ ಪ್ರಿಂಟ್ ಬೇಕು, ತಿಥಿ ನಾಳೆಯೇ. ಇವತ್ತು ಬೆಳಿಗ್ಗೆ ಪ್ರಿಂಟ್ ಬಿಡಿಸಿ ತೋರಿಸಿದಾಗ ಮುದುಕಿ ಬೆಚ್ಚಿಬಿದ್ದಳು.

"ಏನೋ ಬದರಿ, ಇವರ ಹಣೆ ಬೋಳು ಮಾಡಿದೀಯಲ್ಲೋ! ಅಂಗಾರ ಎಲ್ಲೋ?"

ಮಾಧ್ವರು ಪೂಜೆ ಮುಗಿಸಿ ಹಣೆಗೆ ಎಳೆದುಕೊಳ್ಳುವ ಇದ್ದಿಲಿನ ಗೆರೆ ಅದು. ಕಂಪ್ಯೂಟರ್ ಅದನ್ನು ಗೀರೆಂದು ಬಗೆದು ನಾಯ್ಸಿನ ಜೊತೆಗೇ ನುಂಗಿತ್ತು. ಬದರಿನಾಥ ಮೂಲ ಫೋಟೋಗೆ ಮೂಗು ತಾಗಿಸಿ ನೋಡಿ ಗೆರೆ ಎಳೆದ. ಪರದೆಯಲ್ಲಿ ಅದರ ಕೆಳಗೊಂದು ಚುಕ್ಕೆ ಮಸುಕಾಗಿ ಕಂಡಿತು. ಗೆರೆಯ ಕೆಳಗಿಡುವ ಅಕ್ಷತೆಯ ಬೊಟ್ಟೇ ಇರಬೇಕೆಂದು ಅದನ್ನೂ ತೀಡಿ ಗಟ್ಟಿ ಮಾಡಿದ. ಮಾಧ್ವರ ಹಣೆಯಲ್ಲಿ ಎರಡೂ ಇರುವುದು ತಾನೆ!

ಮಧ್ಯಾಹ್ನ ಮತ್ತೆ ಬಂದ ಗೋದಾಬಾಯಿ ಕನ್ನಡಕ ಒರೆಸಿ ನೋಡಿದಳು.

"ಮುಗೀತು. ಐವತ್ತು ವರ್ಷ ಏಕಾದಶಿಗೆ ತೊಟ್ಟು ನೀರು ಮುಟ್ಟದವರಿಗೆ ಊಟಾನೇ ಬಡಿಸಿಬಿಟ್ಯಲ್ಲೋ!"

"ಹಾಗಂದ್ರೆ ಏನ್ ಮಾಮಿ?"

"ಈ ಫೋಟೋ ಹಿಡಿಸಿದ್ದು ಏಕಾದಶಿ ದಿನ ಕಣೋ. ಉಪವಾಸದ ದಿನ ಅಂಗಾರ ಒಂದೇ, ಅಕ್ಷತೆ ಇಡ್ತಾರೇನೋ? ಗುಂಡಣ್ಣ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ದ. ಸಂಜೆ ಬರ್ತೀನಿ. ಕೈಲಾಗಲ್ಲ ಅಂದ್ರೆ ಈಗಲೇ ಹೇಳು, ಬೇರೆ ಕಡೆ ಕೊಡ್ತೀನಿ."

"ಆಗತ್ತೆ ಮಾಮಿ, ಬನ್ನಿ" ಎಂದುಬಿಟ್ಟ.

ಅವನು ಅಕ್ಷತೆ ಎಂದುಕೊಂಡದ್ದು ನಾಯ್ಸಿನ ಒಂದು ಕಾಳು. ಆಗದು ಎಂದಿದ್ದರೆ ಅಜ್ಜ, ಅಪ್ಪ ಗಳಿಸಿದ ಹೆಸರು ಮಣ್ಣುಪಾಲು. ಆಗುತ್ತದೆ ಎಂದಾಯಿತು, ಕಣ್ಣು ಒಪ್ಪುತ್ತಿಲ್ಲ. ಅತ್ತ ದರಿ, ಇತ್ತ ಪುಲಿ. ಪರದೆಯ ಮೇಲಿನ ಹಣೆಯನ್ನು ಹಿಗ್ಗಿಸಿದಷ್ಟೂ ರವೆ, ಕುಗ್ಗಿಸಿದಷ್ಟೂ ಮಂಜು.

ಊಟದ ಡಬ್ಬಿ ತಂದ ಮಗಳು ಸಂಹಿತಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು, ಅಪ್ಪ ಪರದೆಗೆ ಮೂಗು ತಾಗಿಸಿ ತಡಕಾಡುವುದನ್ನೂ ನೋಡಿದ್ದಳು.

"ಅಪ್ಪಾ, ಕಣ್ಣು ಎಷ್ಟು ದಿನದಿಂದ ಹೀಗೆ? ಕೊಂಜಂ, ಒಂಚೂರು ಸರಿದುಕೊಳ್ಳಿ. ಪಕ್ಕದಲ್ಲಿ ಕೂತು ನೀವು ಹೇಳಿ, ನಾನು ಮಾಡ್ತೀನಿ. ಹತ್ತು ನಿಮಿಷದ ಕೆಲಸ."

ಬದರಿನಾಥ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡ.

"ಬೇಡ. ನಿನ್ನ ಕಣ್ಣಲ್ಲಿ ನೋಡಿ ನನ್ನ ಹೆಸರು ಹೇಳ್ಕೊಳ್ಲೇನೇ? ಅವರಿಗೆ ಊಟ ಬಡಿಸಿದ್ದು ನಾನು, ಎಲೆ ಎತ್ತೋನೂ ನಾನೇ. ಡಬ್ಬಿ ಅಲ್ಲಿಟ್ಟು ಬಾಗಿಲು ಎಳ್ಕೊಂಡು ಹೋಗು."